ಸ್ಟೋರ್ ರೂಮಿನ ಹಳೇ ಹೋಲ್ಡರ್ ಬದಲಿಸುವುದು ಹೇಗೆ

ನಮ್ಮ ಮನೆಯ ಮೆಟ್ಟಿಲ ಕೆಳಗೆ ಒಂದು ಸಣ್ಣ ಸ್ಟೋರ್ ರೂಮಿದೆ. ಅಲ್ಲಿನ ಹೋಲ್ಡರ್ ಹಾಳಾಗಿ ಬಲ್ಬು ಒಮ್ಮೆ ಹತ್ತುತ್ತಿತ್ತು, ಒಮ್ಮೆ ಇಲ್ಲ. ಅಮ್ಮ ಒಂದು ಕೈಯಲ್ಲಿ ಮೊಬೈಲ್ ಟಾರ್ಚ್, ಇನ್ನೊಂದು ಕೈಯಲ್ಲಿ ಉಪ್ಪಿನಕಾಯಿ ಭರಣಿ ಹಿಡಿದು ತಡಕಾಡುತ್ತಾ ಹೊರಗೆ ಬಂದದ್ದನ್ನು ನೋಡಿದ ದಿನವೇ ಬದಲಿಸಿಬಿಟ್ಟೆ. ಅರ್ಧ ಗಂಟೆಯ ಕೆಲಸ. ಅದರಲ್ಲಿ ಮುಕ್ಕಾಲು ಪಾಲು ಹೋಗಿದ್ದು ವೈರಿನಲ್ಲಿ ಕರೆಂಟ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದಕ್ಕೇ.

ಮೊದಲೇ ಹೇಳಿಬಿಡುತ್ತೇನೆ. ಗೋಡೆಯಲ್ಲಿ ಆಗಲೇ ವೈರ್ ಇದ್ದು, ಹೋಲ್ಡರ್ ಅಥವಾ ಸ್ವಿಚ್ ಮಾತ್ರ ಬದಲಿಸುವುದಾದರೆ ನೀವೇ ಮಾಡಬಹುದು. ಹೊಸದಾಗಿ ಪಾಯಿಂಟ್ ಎಳೆಯಬೇಕು ಅಂದರೆ ಲೈಸೆನ್ಸ್ ಇರುವವರಿಂದಲೇ ಮಾಡಿಸಬೇಕು, ನಿಯಮ ಇರುವುದೂ ಹಾಗೆಯೇ.

ಬೇಕಾಗುವ ಸಾಮಾನು ಕಡಿಮೆ: ಟೆಸ್ಟರ್ (ಕರೆಂಟ್ ಇದ್ದರೆ ಒಳಗೆ ಪುಟ್ಟ ದೀಪ ಹತ್ತುವಂಥದ್ದು), ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಇನ್ಸುಲೇಷನ್ ಟೇಪು, ಐಎಸ್‌ಐ ಗುರುತಿನ ಹೋಲ್ಡರ್, 9 ವ್ಯಾಟಿನ ಎಲ್‌ಇಡಿ ಬಲ್ಬು. ವೋಲ್ಟ್ ಅಳೆಯುವ ಮಲ್ಟಿಮೀಟರ್ ಇದ್ದರೆ ತುಂಬಾ ಒಳ್ಳೆಯದು. ಹಳೇ 60 ವ್ಯಾಟಿನ ಬುರುಡೆ ಬಲ್ಬು ಮಾತ್ರ ಮತ್ತೆ ಹಾಕಬೇಡಿ. ಇಂಥ ಕೋಣೆಯಲ್ಲಿ ಹಾಸಿಗೆ, ರಟ್ಟಿನ ಡಬ್ಬ, ಹಳೇ ಪೇಪರ್ ಎಲ್ಲ ಸೂರಿನವರೆಗೂ ಪೇರಿಸಿರುತ್ತೇವೆ ಅಲ್ವಾ, ಆ ಬಲ್ಬಿನ ಶಾಖ ಅದಕ್ಕೆ ತಾಗಿದರೆ ಬೆಂಕಿಯೇ ಹತ್ತಬಹುದು.

ಕರೆಂಟ್ ತೆಗೆಯುವ ಮುಂಚೆ ಒಂದು ಪರೀಕ್ಷೆ ಮಾಡಿ. ಒಣಗಿದ ಚಪ್ಪಲಿ ಹಾಕಿಕೊಂಡು, ಅಲುಗಾಡದ ಸ್ಟೂಲ್ ಮೇಲೆ ನಿಂತು, ಸ್ವಿಚ್ ಆಫ್ ಮಾಡಿ ಬಲ್ಬು ತೆಗೆಯಿರಿ. ಹೋಲ್ಡರ್ ಒಳಗೆ ಸ್ಪ್ರಿಂಗ್ ಇರುವ ಎರಡು ಪಿನ್ನುಗಳು ಕಾಣುತ್ತವೆ. ಈಗ ಸ್ವಿಚ್ ಆನ್ ಮಾಡಿಸಿ, ಟೆಸ್ಟರಿನ ತುದಿಯನ್ನು ಒಂದೊಂದೇ ಪಿನ್ನಿಗೆ ಇಡಿ, ಎರಡಕ್ಕೂ ಒಟ್ಟಿಗೆ ತಾಗಬಾರದು. ಒಂದರಲ್ಲಿ ಟೆಸ್ಟರಿನ ದೀಪ ಹತ್ತಬೇಕು. ಸ್ವಿಚ್ ಆಫ್ ಮಾಡಿಸಿದರೆ ಎರಡರಲ್ಲೂ ಹತ್ತಬಾರದು. ಆಫ್ ಆದ ಮೇಲೂ ಚೆನ್ನಾಗಿ ಹತ್ತುತ್ತಿದ್ದರೆ ಫೇಸ್ (ಕರೆಂಟ್ ತರುವ ವೈರ್) ನೇರವಾಗಿ ಹೋಲ್ಡರಿಗೆ ಬಂದಿದೆ, ಸ್ವಿಚ್ ಇರುವುದು ನ್ಯೂಟ್ರಲ್ (ಕರೆಂಟ್ ವಾಪಸು ಹೋಗುವ ವೈರ್) ಮೇಲೆ ಅಂತ ಅನುಮಾನಿಸಬೇಕು. ಅಂಥ ಮನೆಯಲ್ಲಿ ಸ್ವಿಚ್ ಆಫ್ ಮಾಡಿ ಬಲ್ಬು ಬದಲಿಸಿದರೂ ಶಾಕ್ ಹೊಡೆಯಬಹುದು. ರಾತ್ರಿ ಆಫ್ ಮಾಡಿದ ಎಲ್‌ಇಡಿ ಮಿಣಿಮಿಣಿ ಅನ್ನುತ್ತಿದ್ದರೆ ಇದೂ ಒಂದು ಕಾರಣ ಇರಬಹುದು. ಎಲೆಕ್ಟ್ರಿಷಿಯನ್ನಿಗೆ ಹೇಳಿ ಬೋರ್ಡಿನಲ್ಲೇ ಸರಿಮಾಡಿಸಿ.

ಈಗ ಮೇನ್ ಆಫ್ ಮಾಡಿ. ಇಲ್ಲಿಗೇ ನಿಲ್ಲಿಸಬೇಡಿ. ನಮ್ಮಲ್ಲಿ ತುಂಬಾ ಮನೆಗಳಲ್ಲಿ ಲೈಟು, ಫ್ಯಾನು ಯುಪಿಎಸ್ ಲೈನಿನಲ್ಲಿ ಇರುತ್ತವೆ. ಮೇನ್ ಆಫ್ ಆದ ತಕ್ಷಣ ಯುಪಿಎಸ್ ಕರೆಂಟ್ ಹೋಯಿತು ಅಂದುಕೊಂಡು ಬ್ಯಾಟರಿಯಿಂದ 230 ವೋಲ್ಟ್ ಕೊಡಲು ಶುರು ಮಾಡುತ್ತದೆ! ಹಾಗಾಗಿ ಯುಪಿಎಸ್ ಮುಂದಿನ ಸ್ವಿಚ್ಚನ್ನೂ ಆಫ್ ಮಾಡಿ. ಬರೀ ಯುಪಿಎಸ್ ಆಫ್ ಮಾಡಿ ಮೇನ್ ಬಿಟ್ಟರೂ ಉಪಯೋಗವಿಲ್ಲ, ಮೇನಿನ ಕರೆಂಟ್ ಅದರ ಮೂಲಕವೇ ಹಾಯ್ದು ಬರುತ್ತದೆ. ಎರಡೂ ಆಫ್ ಆಗಬೇಕು. ಮನೆಯವರಿಗೆಲ್ಲ ಹೇಳಿಡಿ, ಯಾರೋ ಬಂದು ಸುಮ್ನೆ ಆನ್ ಮಾಡಿಬಿಡಬಾರದು.

ಆಮೇಲೆ ಸ್ವಿಚ್ ಆನ್ ಇಟ್ಟುಕೊಂಡೇ ಅದೇ ಪಿನ್ನುಗಳನ್ನು ಮತ್ತೆ ಟೆಸ್ಟರಿನಲ್ಲಿ ನೋಡಿ. ಹೋಲ್ಡರ್ ಬಿಚ್ಚಿ ಎಳೆದ ಮೇಲೆ ಹಿಂದಿನ ಸ್ಕ್ರೂಗಳನ್ನೂ ನೋಡಿ, ಎಲ್ಲೂ ದೀಪ ಹತ್ತಬಾರದು. ಮಲ್ಟಿಮೀಟರ್ ಇದ್ದರೆ ಎರಡು ವೈರುಗಳ ನಡುವೆ, ಆಮೇಲೆ ಒಂದೊಂದಕ್ಕೂ ಹಸಿರು ಅರ್ತ್ ವೈರಿಗೂ ನಡುವೆ ಅಳೆಯಿರಿ, ಎಲ್ಲೂ ವೋಲ್ಟ್ ತೋರಿಸಬಾರದು. ಕೆಂಪು ಫೇಸ್, ಕಪ್ಪು ನ್ಯೂಟ್ರಲ್ ಅನ್ನುವುದು ಹಳೇ ಮನೆಗಳಲ್ಲಿ ನಂಬುವ ಮಾತಲ್ಲ. ಕೈಗೆ ಸಿಕ್ಕಿದ ಬಣ್ಣ ಎಳೆದಿರುತ್ತಾರೆ.

ನಮ್ಮ ಹೋಲ್ಡರ್ ಬಿಚ್ಚಿದಾಗ ವೈರಿನ ತುದಿ ಕಪ್ಪಾಗಿತ್ತು, ಮೇಲಿನ ಪ್ಲಾಸ್ಟಿಕ್ ಬೆಂದು ಪುಡಿಯಾಗಿ ಉದುರುತ್ತಿತ್ತು. ಸ್ಕ್ರೂ ಸಡಿಲ ಆಗಿ ಕಿಡಿ ಹಾರಿದ ಗುರುತು ಅದು. 9 ವ್ಯಾಟ್ ಎಲ್‌ಇಡಿ ಎಳೆಯುವುದು ಒಂದು ಆಂಪಿಯರಿನ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಇಲ್ಲ, ಆದರೂ ಸಡಿಲ ಜೋಡಣೆ ಯಾವತ್ತೂ ಅಪಾಯವೇ. ಕಪ್ಪಾದ ಭಾಗ ಕತ್ತರಿಸಿ, ಹೊಳೆಯುವ ತಾಮ್ರ ಕಾಣುವ ಹಾಗೆ ಸುಮಾರು 1 ಸೆಂಟಿಮೀಟರ್ ಸುಲಿಯಿರಿ. ಎಳೆಗಳನ್ನು ಹುರಿ ಹಾಕಿ, ತುದಿ ಮಡಚಿ, ಹೊಸ ಹೋಲ್ಡರಿನ ತೂತಿನೊಳಗೆ ಪೂರ್ತಿ ತೂರಿಸಿ ಸ್ಕ್ರೂ ಬಿಗಿಮಾಡಿ. ಆಮೇಲೆ ವೈರನ್ನು ಒಮ್ಮೆ ಎಳೆದು ನೋಡಿ, ಬಂದುಬಿಟ್ಟರೆ ಮತ್ತೆ ಮಾಡಿ. ಒಂದು ಎಳೆಯೂ ಹೊರಗೆ ಚಾಚಿರಬಾರದು. ವೈರ್ ಗಿಡ್ಡವಾಗಿ ಸಾಲದೇ ಹೋದರೆ ತಿರುಚಿ ಟೇಪು ಸುತ್ತಿ ಉದ್ದ ಮಾಡಬೇಡಿ, ಸರಿಯಾದ ಕನೆಕ್ಟರ್ ಹಾಕಿ.

ಪಿನ್ನಿನ ಬಲ್ಬಿನ ಹೋಲ್ಡರಿಗೆ ಫೇಸ್ ಯಾವ ಕಡೆ ಕೊಟ್ಟರೂ ನಡೆಯುತ್ತದೆ. ತಿರುಗಿಸಿ ಹಾಕುವ ಹೋಲ್ಡರಾದರೆ ಫೇಸ್ ನಡುವಿನ ಬಿಂದುವಿಗೇ ಬರಬೇಕು. ಲೋಹದ ಫಿಟಿಂಗ್ ಆದರೆ ಅರ್ತ್ ವೈರನ್ನು ಅದರ ಮೈಗೆ ಸೇರಿಸಲೇಬೇಕು. ಪ್ಲಾಸ್ಟಿಕ್ ಆದರೆ ತುದಿಗೆ ಟೇಪು ಸುತ್ತಿ ಒಳಗೆ ಮಡಚಿಡಿ, ಕತ್ತರಿಸಿ ಎಸೆಯಬೇಡಿ.

ವೈರುಗಳನ್ನು ಒತ್ತಿ ನಜ್ಜುಗುಜ್ಜು ಮಾಡದೆ ಒಳಗೆ ಕೂರಿಸಿ, ಹೋಲ್ಡರ್ ಸ್ಕ್ರೂ ಹಾಕಿ, ಸ್ವಿಚ್ ಆಫ್ ಮಾಡಿ ಬಲ್ಬು ಸಿಕ್ಕಿಸಿ. ಮೇನ್ ಆನ್ ಮಾಡಿ, ಆಮೇಲೆ ಯುಪಿಎಸ್. ಎಂಸಿಬಿ (ಶಾರ್ಟ್ ಆದರೆ ತಾನಾಗಿ ಆಫ್ ಆಗುವ ಸ್ವಿಚ್) ಬಿದ್ದರೆ ಮತ್ತೆ ಮತ್ತೆ ಎತ್ತಬೇಡಿ, ಎಲ್ಲೋ ಎಳೆ ತಾಗಿದೆ, ಎರಡೂ ಆಫ್ ಮಾಡಿ ಬಿಚ್ಚಿ ನೋಡಿ. ದೀಪ ಹತ್ತಿದರೆ ಕಾಲು ಗಂಟೆ ಉರಿಯಲು ಬಿಡಿ. ಸುಟ್ಟ ವಾಸನೆ ಬರುತ್ತಿದೆಯಾ, ಚಿಟಿಚಿಟಿ ಸದ್ದು ಇದೆಯಾ ಅಂತ ಗಮನಿಸಿ. ಏನೂ ಇಲ್ಲ ಅಂದರೆ ಸ್ಟೂಲ್ ಎತ್ತಿಟ್ಟು, ಭರಣಿಗಳನ್ನು ಮತ್ತೆ ಒಳಗೆ ಜೋಡಿಸಬಹುದು.