ಪ್ರಾಂತ ಸಾಹೇಬರ ಸಹಿಗೆ ಅಧಿಕಾರ ಎಲ್ಲಿಂದ ಬಂತು: ನನ್ನ ಅನುಭವ

ಧಾರವಾಡದಲ್ಲಿ ನನ್ನ ವಕೀಲಿ ಕೆಲಸ ಹೆಚ್ಚಾಗಿ ಜಮೀನಿನ ತಕರಾರುಗಳದ್ದೇ. ಈ ಭಾಗ 1956ರವರೆಗೆ ಮುಂಬೈಗೆ ಸೇರಿತ್ತು. ಹಾಗಾಗಿ ಯಾವ ಫೈಲು ತೆಗೆದರೂ ಎಲ್ಲೋ ಒಂದು ಕಡೆ ಬ್ರಿಟಿಷ್ ಕಾಲದ ಕಾಗದ ಸಿಕ್ಕೇ ಸಿಗುತ್ತದೆ. ಆ ಕಾಗದ ಊರ್ಜಿತವೋ ಅಲ್ಲವೋ ಎಂದು ಹೇಳಬೇಕಾದರೆ, ಸಹಿ ಮಾಡಿದವರಿಗೆ ಆ ಅಧಿಕಾರ ಇತ್ತೇ ಎಂದು ನೋಡಬೇಕು. ಅಂಥ ಒಂದು ಹುಡುಕಾಟವನ್ನು ನಾನು ಹೇಗೆ ಮಾಡಿದೆ, ಎಲ್ಲಿ ದಾರಿ ತಪ್ಪಿದೆ ಎಂದು ಬರೆಯುತ್ತಿದ್ದೇನೆ. ಪಕ್ಷಗಾರರ ಗುರುತು ಸಿಗಬಾರದೆಂದು ಊರು, ಹೆಸರು ಬಿಟ್ಟಿದ್ದೇನೆ.

ಒಂದು ಕುಟುಂಬದ ಹಿರಿಯರು 1920ರ ದಶಕದಲ್ಲಿ ತಮ್ಮ ಹೊಲದ ಒಂದು ಮೂಲೆಯಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ ಹಾಕಿದ್ದರು. ಹೊಲವನ್ನು ಬೇಸಾಯ ಬಿಟ್ಟು ಬೇರೆ ಕೆಲಸಕ್ಕೆ ಬಳಸಬೇಕಾದರೆ 1879ರ ಬಾಂಬೆ ಲ್ಯಾಂಡ್ ರೆವೆನ್ಯೂ ಕೋಡಿನ 65ನೇ ಸೆಕ್ಷನ್ ಪ್ರಕಾರ ಕಲೆಕ್ಟರರ ಪರವಾನಗಿ ಬೇಕಿತ್ತು. ನಮ್ಮ ಕಡೆ ಇದಕ್ಕೆ ಬಿನ್‌ಶೇತ್ಕಿ ಅನ್ನುತ್ತಾರೆ. ಪರವಾನಗಿಯ ಕಾಗದವೇನೋ ಇತ್ತು. ಆದರೆ ಅದರ ಮೇಲಿದ್ದದ್ದು ಕಲೆಕ್ಟರರ ಸಹಿಯಲ್ಲ, ಅಸಿಸ್ಟಂಟ್ ಕಲೆಕ್ಟರರದು. "ಕಾಯ್ದೆ ಕಲೆಕ್ಟರ್ ಅನ್ನುತ್ತದೆ. ಇವರು ಕಲೆಕ್ಟರ್ ಅಲ್ಲ. ಆದ್ದರಿಂದ ಈ ಕಾಗದ ರದ್ದಿ" ಎಂದು ಎದುರು ವಕೀಲರು ವಾದಿಸಿದರು.

ಆ ಕಾಗದ ಈಗಲೂ ಕಣ್ಣ ಮುಂದಿದೆ. ಅರ್ಧ ಹಾಳೆ, ಅಂಚು ಕಂದಿದೆ, ನಡುವಿನ ಮಡಿಕೆ ಹರಿದು ಹಿಂದಿನಿಂದ ಬೇರೊಂದು ಚೂರು ಅಂಟಿಸಿದ್ದಾರೆ. ಬಲಗಡೆ ಮೇಲೆ 'ಕ್ಯಾಂಪ್' ಎಂದು ಬರೆದು ಒಂದು ಹಳ್ಳಿಯ ಹೆಸರು. ಆಗ ಸಾಹೇಬರು ವರ್ಷದಲ್ಲಿ ಎಷ್ಟೋ ತಿಂಗಳು ಡೇರೆ ಹಾಕಿಕೊಂಡು ತಾಲೂಕು ಸುತ್ತುತ್ತಿದ್ದರು, ಹುಕುಂಗಳು ಅಲ್ಲಿಂದಲೇ ಹೊರಡುತ್ತಿದ್ದವು. ಅದರ ಕೆಳಗೆ ಜಾವಕ (ಕಚೇರಿಯಿಂದ ಹೊರಹೋದ ಕಾಗದದ) ನಂಬರು, ತಾರೀಖು. ಆಮೇಲೆ ಐದೇ ಸಾಲು ಇಂಗ್ಲಿಷ್. ಕೊನೆಗೆ ಅವಸರದ ಸಹಿ, ಅದರಡಿ ಹುದ್ದೆ. ಹಿಂಬದಿಯಲ್ಲಿ ತಾಲೂಕಿನ ಕಂದಾಯ ಅಧಿಕಾರಿಯಾದ ಮಾಮಲೇದಾರರ ಶೆರಾ (ಟಿಪ್ಪಣಿ). ಇಷ್ಟೇ.

ನಾನು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. 'ಅಧಿಕಾರ ಕೊಟ್ಟಿದ್ದರೆ ಸರ್ಕಾರ ಅದನ್ನು ಗೆಜೆಟ್‌ನಲ್ಲಿ ಹಾಕಿರಲೇಬೇಕು' ಎಂದುಕೊಂಡೆ. ಸುಮಾರು ಎರಡು ವಾರ ಹಳೇ ಬಾಂಬೆ ಗವರ್ನಮೆಂಟ್ ಗೆಜೆಟ್‌ಗಳಲ್ಲಿ 65ನೇ ಸೆಕ್ಷನ್ನಿನ ಅಧಿಸೂಚನೆ ಹುಡುಕಿದೆ. ಸಿಗಲಿಲ್ಲ. ಸೋತು ನಮ್ಮ ಸೀನಿಯರ್ ಹತ್ತಿರ ಹೋದೆ. ಅವರು ಒಂದೇ ಮಾತು ಕೇಳಿದರು: "ಹತ್ತನೇ ಸೆಕ್ಷನ್ ಓದೀಯೇನು ತಮ್ಮಾ? ಪೂರ್ತಿ ಓದು, ಪ್ರೊವೈಸೊ ತನಕ." ಪ್ರೊವೈಸೊ ಅಂದರೆ ಸೆಕ್ಷನ್ನಿನ ಕೊನೆಗೆ ಬರುವ 'ಆದರೆ' ಎಂಬ ಷರತ್ತು.

ಓದಿದೆ. ಕಲೆಕ್ಟರರು ತಮ್ಮ ಜಿಲ್ಲೆಯ ಒಂದೋ ಹಲವೋ ತಾಲೂಕುಗಳನ್ನು ಅಸಿಸ್ಟಂಟ್ ಅಥವಾ ಡೆಪ್ಯುಟಿ ಕಲೆಕ್ಟರರ ವಶಕ್ಕೆ ಕೊಡಬಹುದು. ಹಾಗೆ ಚಾರ್ಜ್ ವಹಿಸಿಕೊಂಡವರು ಆ ತಾಲೂಕುಗಳ ಮಟ್ಟಿಗೆ ಕಲೆಕ್ಟರರ ಎಲ್ಲ ಅಧಿಕಾರ ನಡೆಸಬಹುದು. ಅಂದರೆ ಒಂದೊಂದು ಸೆಕ್ಷನ್ನಿಗೂ ಬೇರೆ ಬೇರೆ ಅಧಿಸೂಚನೆ ಬೇಕಿಲ್ಲ. ಚಾರ್ಜ್ ಕೈಗೆ ಬಂದರೆ ಅಧಿಕಾರವೂ ಬಂತು. ಇದನ್ನೇ ಜನ ಪ್ರಾಂತ ಅನ್ನುತ್ತಿದ್ದರು, ಅದನ್ನು ನೋಡಿಕೊಳ್ಳುವವರು ಪ್ರಾಂತ ಸಾಹೇಬರು. ಕಾಗದದ ಮಟ್ಟಿಗೆ ವಿಲಾಯತಿಯಿಂದ ಬಂದ ಐಸಿಎಸ್ (ಇಂಡಿಯನ್ ಸಿವಿಲ್ ಸರ್ವಿಸ್) ಅಸಿಸ್ಟಂಟ್‌ಗೂ ನಮ್ಮವರೇ ಆದ ಡೆಪ್ಯುಟಿಗೂ ಈ ಸೆಕ್ಷನ್ನಿನಲ್ಲಿ ವ್ಯತ್ಯಾಸ ಇಲ್ಲ.

ಕಷ್ಟ ಇದ್ದದ್ದು ಪ್ರೊವೈಸೊದಲ್ಲಿ. ಕಲೆಕ್ಟರರು ಬೇಕೆಂದಾಗ 'ಇಂಥ ಕೆಲಸ ನೀನು ಮಾಡಬೇಡ' ಎಂದು ಹೇಳಿ ಅದನ್ನು ತಮ್ಮಲ್ಲೇ ಉಳಿಸಿಕೊಳ್ಳಬಹುದು, ಅಥವಾ ಇನ್ನೊಬ್ಬ ಅಸಿಸ್ಟಂಟ್‌ಗೆ ಒಪ್ಪಿಸಬಹುದು. ಹಾಗಾಗಿ ನಾನು ಎರಡು ಸಂಗತಿ ತೋರಿಸಬೇಕಿತ್ತು. ಆ ತಾರೀಖಿಗೆ ಆ ತಾಲೂಕಿನ ಚಾರ್ಜ್ ಇವರಲ್ಲೇ ಇತ್ತು ಅನ್ನುವುದು ಒಂದು. ಬಿನ್‌ಶೇತ್ಕಿ ಕೆಲಸವನ್ನು ಕಲೆಕ್ಟರರು ತಮ್ಮ ಕೈಯಲ್ಲಿ ಇಟ್ಟುಕೊಂಡಿರಲಿಲ್ಲ ಅನ್ನುವುದು ಇನ್ನೊಂದು. ಇತ್ತು ಎಂದು ತೋರಿಸುವುದು ಸುಲಭ. ಇರಲಿಲ್ಲ ಎಂದು ತೋರಿಸುವುದು ಹೇಗೆ?

ಮೊದಲನೆಯದಕ್ಕೆ ಸಿವಿಲ್ ಲಿಸ್ಟ್ ನೆರವಾಯಿತು. ಯಾವ ಅಧಿಕಾರಿ ಯಾವ ಹುದ್ದೆಯಲ್ಲಿದ್ದರು ಎಂದು ಸರ್ಕಾರ ಅಚ್ಚು ಹಾಕಿಸುತ್ತಿದ್ದ ಪಟ್ಟಿ ಅದು. ನೇಮಕ, ವರ್ಗಾವಣೆ, ರಜೆಯ ಸುದ್ದಿ ಗೆಜೆಟ್‌ನಲ್ಲೂ ಇರುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಅವತ್ತು ಅವರು ಚಾರ್ಜ್‌ನಲ್ಲಿದ್ದರು ಎಂದಲ್ಲ. ರಜೆ ಮೇಲೆ ಹೋಗಿರಬಹುದು. ಕಾಗದದ ತಾರೀಖನ್ನು ಇವೆರಡರ ಜೊತೆ ಹೊಂದಿಸಿ ನೋಡಲೇಬೇಕು.

ಎರಡನೆಯದಕ್ಕೆ ದಫ್ತರವನ್ನೇ ಕೆದಕಬೇಕಾಯಿತು. ಕಾಗದ ಕಟ್ಟಿಟ್ಟ ಬಟ್ಟೆಯ ರುಮಾಲು ಬಿಚ್ಚಿದರೆ ಒಳಗೆ ಪುಡಿಯಾಗುವಂಥ ಕಾಗದ. ಕಲೆಕ್ಟರರ ಕಚೇರಿಯಿಂದ ಪ್ರಾಂತಗಳಿಗೆ ಹೋದ ಕೆಲಸ ಹಂಚಿಕೆಯ ಒಂದು ಹುಕುಂ ಸಿಕ್ಕಿತು. ಯಾವ್ಯಾವ ವಿಷಯ ತಮ್ಮ ಹತ್ತಿರವೇ ಬರಬೇಕು ಎಂದು ಕಲೆಕ್ಟರರು ಅದರಲ್ಲಿ ಬರೆದಿದ್ದರು. ಬಿನ್‌ಶೇತ್ಕಿ ಆ ಪಟ್ಟಿಯಲ್ಲಿ ಇರಲಿಲ್ಲ. ಜೊತೆಗೆ ಅದೇ ಪ್ರಾಂತದಿಂದ ಅದೇ ವರ್ಷ ಹೊರಟ ಇಂಥದೇ ಬೇರೆ ಪರವಾನಗಿಗಳನ್ನು ಆವಕ-ಜಾವಕ ವಹಿಯಲ್ಲಿ ಗುರುತು ಹಾಕಿಕೊಂಡೆ. ಎಲ್ಲವೂ ಅಸಿಸ್ಟಂಟ್‌ ಸಹಿಯವೇ. ಇಲ್ಲದ್ದನ್ನು ತೋರಿಸಲು ನನಗೆ ಗೊತ್ತಿರುವ ಒಳ್ಳೆ ದಾರಿ ಇದು: ಉಳಿಸಿಕೊಂಡದ್ದರ ಪಟ್ಟಿ ಹುಡುಕಿ, ಆಮೇಲೆ ದಿನನಿತ್ಯ ಹೇಗೆ ನಡೆಯುತ್ತಿತ್ತು ಎಂದು ನೋಡಿ.

ಈ ಕೆಲಸದಲ್ಲಿ ಅನೇಕರು ಎಡವುವ ಇನ್ನೊಂದು ಜಾಗ ಇದೆ. ಇವತ್ತು ಕೈಗೆ ಸಿಗುವ ಕಾಯ್ದೆ ಪುಸ್ತಕದಲ್ಲಿ 'ರಾಜ್ಯ ಸರ್ಕಾರ' ಎಂದಿರುತ್ತದೆ. 1879ರಲ್ಲಿ ರಾಜ್ಯ ಸರ್ಕಾರ ಎಲ್ಲಿತ್ತು? 1937ರ ಮತ್ತು 1950ರ ಅಡಾಪ್ಟೇಶನ್ ಆರ್ಡರ್‌ಗಳು ಹಳೇ ಪದ ತೆಗೆದು ಹೊಸ ಪದ ಕೂಡಿಸಿದವು. ಅದಕ್ಕೂ ಮೊದಲು ಹಾಬ್‌ಹೌಸ್ ಅಧ್ಯಕ್ಷತೆಯ ವಿಕೇಂದ್ರೀಕರಣ ಆಯೋಗ 1909ರಲ್ಲಿ ವರದಿ ಕೊಟ್ಟಿತ್ತು. ಅದರ ಹಿಂದೆಯೇ 1914ರ ಡಿಸೆಂಟ್ರಲೈಸೇಶನ್ ಕಾಯ್ದೆ ಬಂತು. ಮೇಲಿನವರ ಮಂಜೂರಾತಿ ಬೇಕಿದ್ದ ಎಷ್ಟೋ ಕೆಲಸ ಆ ಹೊತ್ತಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿದವು. ಆದ್ದರಿಂದ ಕಾಗದದ ತಾರೀಖಿಗೆ ಕಾಯ್ದೆ ಹೇಗಿತ್ತೋ ಆ ಪಾಠವನ್ನೇ ಇಟ್ಟುಕೊಳ್ಳಬೇಕು. ನಾನು ತಿದ್ದುಪಡಿಗಳನ್ನು ಒಂದೊಂದಾಗಿ ಕಳೆದು 1920ರ ದಶಕದ ಪಾಠವನ್ನು ಕೈಯಾರೆ ಬರೆದುಕೊಂಡೆ. ಬೇಜಾರಿನ ಕೆಲಸ, ಆದರೆ ಬಿಡುವಂತಿಲ್ಲ.

ಅಧಿಕಾರದ ಏಣಿಯನ್ನು ಮೇಲಿನವರೆಗೂ ಹತ್ತಿ ನೋಡಬೇಕೇ? ಎಲ್ಲ ಕೇಸಿಗೂ ಬೇಡ. ಆದರೂ ಒಮ್ಮೆ ಹತ್ತಿ ನೋಡಿದರೆ ಆಡಳಿತದ ಸ್ವಭಾವ ತಿಳಿಯುತ್ತದೆ. 1773ರ ರೆಗ್ಯುಲೇಟಿಂಗ್ ಕಾಯ್ದೆ ಯುದ್ಧ, ಸಂಧಿಯ ವಿಷಯದಲ್ಲಿ ಮುಂಬೈ, ಮದ್ರಾಸುಗಳನ್ನು ಬಂಗಾಳದ ಕೈಕೆಳಗೆ ತಂದಿತು. 1833ರಲ್ಲಿ ಕಾಯ್ದೆ ಮಾಡುವ ಅಧಿಕಾರವೂ ಕಲ್ಕತ್ತಕ್ಕೆ ಹೋಯಿತು. 1861ರಲ್ಲಿ ಅದು ಮರಳಿ ಬಂತು. ಬಂದದ್ದರಿಂದಲೇ ಮುಂಬೈ 1879ರಲ್ಲಿ ತನ್ನದೇ ಕೋಡ್ ಮಾಡಲು ಆಯಿತು. ಆದರೆ ಹೀಗೆ ಲಂಡನ್ನಿನಿಂದ ಬಂದ ಅಧಿಕಾರವನ್ನು ಇಲ್ಲಿಯವರು ಮತ್ತೊಬ್ಬರಿಗೆ ದಾಟಿಸಬಹುದೇ? ಈ ಪ್ರಶ್ನೆ ಬುರಾ ಪ್ರಕರಣದಲ್ಲಿ ಎದ್ದಿತು. 1869ರ ಒಂದು ಕಾಯ್ದೆ ಗಾರೋ ಬೆಟ್ಟಗಳನ್ನು ಸಾಮಾನ್ಯ ಕೋರ್ಟುಗಳ ವ್ಯಾಪ್ತಿಯಿಂದ ತೆಗೆದಿತ್ತು. ಅದನ್ನು ಖಾಸಿ, ಜೈಂತಿಯಾ ಬೆಟ್ಟಗಳಿಗೂ ಹಬ್ಬಿಸುವ ಅಧಿಕಾರ ಬಂಗಾಳದ ಲೆಫ್ಟಿನೆಂಟ್ ಗವರ್ನರಿಗೆ ಕೊಟ್ಟಿತ್ತು. ಕಲ್ಕತ್ತ ಹೈಕೋರ್ಟಿನ ಬಹುಮತ ಇದು ನಡೆಯದು ಎಂದಿತು. 1878ರಲ್ಲಿ ಪ್ರಿವಿ ಕೌನ್ಸಿಲ್ ಅದನ್ನು ತಳ್ಳಿಹಾಕಿತು. ಭಾರತದ ಶಾಸನಸಭೆ ಬ್ರಿಟಿಷ್ ಪಾರ್ಲಿಮೆಂಟಿನ ಏಜೆಂಟ್ ಅಲ್ಲ, ತನ್ನ ಮಿತಿಯೊಳಗೆ ಅದಕ್ಕೆ ಪೂರ್ಣ ಅಧಿಕಾರ ಇದೆ ಎಂದು ಹೇಳಿತು. ಕೇಳಲು ಉದಾರವಾದ ಮಾತು. ಆದರೆ ಬೆಟ್ಟದ ಜನರ ಪಾಲಿಗೆ ಅದರ ಅರ್ಥವೇನು? ಒಬ್ಬ ಅಧಿಕಾರಿಯ ಅಧಿಸೂಚನೆಯಿಂದ ಅವರ ಕೋರ್ಟೇ ಬದಲಾಗಬಹುದು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನೊಂದು ಸಂಗತಿ. ಅದೇ ಅಸಿಸ್ಟಂಟ್ ಕಲೆಕ್ಟರರು ಮ್ಯಾಜಿಸ್ಟ್ರೇಟರೂ ಆಗಿರುತ್ತಿದ್ದರು. ಆ ಅಧಿಕಾರ ಬರುವ ದಾರಿಯೇ ಬೇರೆ. 1898ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ 39ನೇ ಸೆಕ್ಷನ್ ಪ್ರಕಾರ ಅದನ್ನು ವ್ಯಕ್ತಿಯ ಹೆಸರಿಗೂ ಕೊಡಬಹುದಿತ್ತು, ಹುದ್ದೆಗೂ ಕೊಡಬಹುದಿತ್ತು. ಹೆಸರಿಗೆ ಕೊಟ್ಟದ್ದು ಕುರ್ಚಿಗೆ ಅಂಟುವುದಿಲ್ಲ. ಆದ್ದರಿಂದ ಆ ಹುಕುಂ ಕಂದಾಯದ್ದೋ ಫೌಜದಾರಿಯದ್ದೋ ಎಂದು ಮೊದಲು ಬೇರ್ಪಡಿಸಿಕೊಳ್ಳಿ. ಅದೇ ಕೋಡ್ 529, 530ನೇ ಸೆಕ್ಷನ್ನುಗಳಲ್ಲಿ, ಅಧಿಕಾರವಿಲ್ಲದೆ ಪ್ರಾಮಾಣಿಕವಾಗಿ ಮಾಡಿದ ಯಾವ ಕೆಲಸ ಉಳಿಯುತ್ತದೆ, ಯಾವುದು ಪೂರ್ತಿ ಬಿದ್ದುಹೋಗುತ್ತದೆ ಎಂದು ಬಿಡಿಸಿ ಹೇಳಿತ್ತು.

ಮಂಗಳೂರು ಕಡೆಯ ಕೇಸಾದರೆ ಈ ದಾರಿ ಹಿಡಿಯಲೇಬೇಡಿ. ಉತ್ತರ ಕನ್ನಡ 1862ರಲ್ಲಿ ಮುಂಬೈಗೆ ಬಂತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಮದ್ರಾಸಿಗೆ ಮುಂಬೈಯಂಥ ಒಂದು ಇಡೀ ಕಂದಾಯ ಕೋಡ್ ಇರಲೇ ಇಲ್ಲ. ಅಲ್ಲಿ 1803ರ ರೆಗ್ಯುಲೇಶನ್‌ಗಳು, ಬೋರ್ಡ್ ಆಫ್ ರೆವೆನ್ಯೂ, ಅದರ ಸ್ಟ್ಯಾಂಡಿಂಗ್ ಆರ್ಡರ್‌ಗಳು. ಇಲ್ಲಿ ಮಾಮಲೇದಾರ, ಅಲ್ಲಿ ತಹಶೀಲ್ದಾರ. ಎರಡೂ ಕಡೆ ಜನ ಆಡುವುದು ಕನ್ನಡವೇ, ಆದರೆ ಅಧಿಕಾರದ ಬೇರು ಪೂರ್ತಿ ಬೇರೆ.

ನಮ್ಮ ಕೇಸಿಗೆ ಬರೋಣ. ಎದುರಿನವರು ಎವಿಡೆನ್ಸ್ ಕಾಯ್ದೆಯ 114ನೇ ಸೆಕ್ಷನ್ನಿನ ಊಹೆಯನ್ನು ನಾನು ಹಿಡಿದುಕೊಳ್ಳುತ್ತೇನೆ ಎಂದು ಕಾಯುತ್ತಿದ್ದರು. ಸರ್ಕಾರಿ ಕೆಲಸ ಕ್ರಮವಾಗಿಯೇ ನಡೆದಿದೆ ಎಂದು ಭಾವಿಸಬಹುದು ಅನ್ನುವ ಊಹೆ ಅದು. ಒಳ್ಳೆ ನೆರವೇ. ಆದರೆ ಇಲ್ಲದ ಅಧಿಕಾರವನ್ನು ಅದು ಹುಟ್ಟಿಸುವುದಿಲ್ಲ. ಅದಕ್ಕೇ ಚಾರ್ಜ್ ಮತ್ತು ಹಂಚಿಕೆಯ ಹುಕುಂಗಳ ನಕಲು ಮೊದಲು ಇಟ್ಟೆ, ಊಹೆಯನ್ನು ಆಮೇಲೆ ಇಟ್ಟೆ.

ಕಲೆಕ್ಟರ್, ಕಮಿಷನರ್, ಗವರ್ನರ್ ಹೀಗೆ ಅಧಿಕಾರ ಮೇಲೆ ಕೆಳಗೆ ಓಡಾಡಿತು. ನಿಯಂತ್ರಣವೂ ಅವರವರ ನಡುವೆಯೇ ಇತ್ತು: 203ನೇ ಸೆಕ್ಷನ್ನಿನಲ್ಲಿ ಮೇಲಿನವರಿಗೆ ಅಪೀಲು, 211ರಲ್ಲಿ ಕೆಳಗಿನವರ ದಾಖಲೆ ತರಿಸಿ ನೋಡುವ ಅಧಿಕಾರ. ಆ 211ನ್ನು ಯಾವಾಗ ಬೇಕಾದರೂ ಬಳಸುವಂತಿಲ್ಲ, ಸೂಕ್ತ ಸಮಯದೊಳಗೇ ಬಳಸಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1969ರಲ್ಲಿ, ಅದೂ ಒಂದು ಬಿನ್‌ಶೇತ್ಕಿ ಪ್ರಕರಣದಲ್ಲೇ. ಅರ್ಜಿ ಹಿಡಿದು ಡೇರೆಯ ಮುಂದೆ ನಿಂತ ರೈತನಿಗೆ ಈ ಏಣಿಯಲ್ಲಿ ಜಾಗ ಇರಲಿಲ್ಲ. ಒಂದೇ ಒಂದು ಕಡೆ ಮಾತ್ರ ಕಾಯ್ದೆ ಅವನ ಕೈಗೆ ಏನನ್ನೋ ಕೊಟ್ಟಿತ್ತು. 65ನೇ ಸೆಕ್ಷನ್ನಿನಲ್ಲೇ ಅದಿದೆ. ಅರ್ಜಿ ಬಂದದ್ದಕ್ಕೆ ಕಲೆಕ್ಟರ್ ಸ್ವೀಕೃತಿ ಕೊಡಬೇಕು. ಮೂರು ತಿಂಗಳೊಳಗೆ ತೀರ್ಮಾನ ತಿಳಿಸದಿದ್ದರೆ ಪರವಾನಗಿ ಸಿಕ್ಕಿತು ಎಂದೇ ಲೆಕ್ಕ. ಸ್ವೀಕೃತಿ ಏಳು ದಿನದೊಳಗೆ ಬಂದರೆ ಎಣಿಕೆ ಅದರ ತಾರೀಖಿನಿಂದ, ಇಲ್ಲವಾದರೆ ಅರ್ಜಿ ತಲುಪಿದ ದಿನದಿಂದ.

ಇದು ಹೊಳೆದ ದಿನ ರಾತ್ರಿ ನಿದ್ದೆ ಬರಲಿಲ್ಲ. ಎದುರಿನವರ ಮಾತನ್ನೇ ಒಪ್ಪೋಣ. ಅಸಿಸ್ಟಂಟ್‌ಗೆ ಅಧಿಕಾರ ಇರಲಿಲ್ಲ ಅನ್ನೋಣ. ಹಾಗಾದರೆ ಕಲೆಕ್ಟರರು ತೀರ್ಮಾನ ತಿಳಿಸಲೇ ಇಲ್ಲ ಎಂದಾಯಿತು, ಅಲ್ವಾ? ಮೂರು ತಿಂಗಳು ಕಳೆದಿದ್ದರೆ ಪರವಾನಗಿ ತಾನಾಗಿಯೇ ಸಿಕ್ಕಂತೆ. ಬೇಕಿದ್ದದ್ದು ಸ್ವೀಕೃತಿ ಒಂದೇ.

ಬೆಳಿಗ್ಗೆಯೇ ಪಕ್ಷಗಾರರಿಗೆ ಫೋನ್ ಮಾಡಿದೆ. "ಅಂಥದ್ದೇನೂ ಇಲ್ರೀ ವಕೀಲರ, ಇದ್ದಬದ್ದ ಕಾಗದ ಎಲ್ಲಾ ನಿಮಗ ಕೊಟ್ಟೇವ್ರಿ" ಎಂದರು. ಅಜ್ಜನ ಕಾಲದ ಲೆಕ್ಕದ ಪುಸ್ತಕ ಏನಾದರೂ ಉಳಿದಿದ್ದರೆ ಹಾಗೇ ತನ್ನಿ ಎಂದೆ. ಮೂರನೇ ದಿನ ಕೆಂಪು ಬಟ್ಟೆಯ ಕೀರ್ದಿ ವಹಿಯನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಬಂದರು. ನಡುವಿನ ಒಂದು ಪುಟದಲ್ಲಿ, ಜಿನ್ನಿಗೆ ತಂದ ಕಟ್ಟಿಗೆಯ ಲೆಕ್ಕದ ಪಕ್ಕ, ಅಂಗೈಯಗಲದ ಚೀಟಿ. ಅರ್ಜಿ ತಲುಪಿದೆ ಎಂದು ಒಂದೇ ಸಾಲು, ಕಚೇರಿಯ ಶಿಕ್ಕಾ, ತಾರೀಖು. ಅರ್ಜಿ ಕೊಟ್ಟು ಐದನೇ ದಿನದ್ದು.