ಪಿಟಿ-76ಕ್ಕೆ ಕೆಸರು ಹಚ್ಚಿದ್ದು

ಟ್ಯಾಂಕ್ ಮಾದರಿ ಕಟ್ಟುವ ಹುಚ್ಚಿನವರಲ್ಲಿ ಹೆಚ್ಚಿನವರ ಕಪಾಟಿನಲ್ಲಿ ಜರ್ಮನಿಯ ಟೈಗರ್, ಪ್ಯಾಂಥರ್‌ಗಳೇ ತುಂಬಿರುತ್ತವೆ. ನನಗೆ ಬೇಕಾದದ್ದು ನಮ್ಮ ಸೈನ್ಯದ ಗಾಡಿ. ಅದಕ್ಕೇ ಟ್ರಂಪೆಟರ್ ಕಂಪೆನಿಯ 1/35 ಅಳತೆಯ ಪಿಟಿ-76 ಕಿಟ್ ತರಿಸಿದೆ. ಸೋವಿಯತ್ ಒಕ್ಕೂಟದವರು ನದಿ ದಾಟಲೆಂದೇ ಮಾಡಿದ ಹಗುರ ಟ್ಯಾಂಕ್ ಇದು: ತೂಕ ಸುಮಾರು 14 ಟನ್, ಒಳಗೆ ಮೂವರು ಜನ, 76 ಮಿ.ಮೀ. ತೋಪು. 1971ರ ನವೆಂಬರ್ 21ರ ಬೆಳಗ್ಗೆ, ಯುದ್ಧ ಘೋಷಣೆ ಆಗುವ ಮೊದಲೇ, ಆಗಿನ ಪೂರ್ವ ಪಾಕಿಸ್ತಾನದ, ಅಂದರೆ ಇಂದಿನ ಬಾಂಗ್ಲಾದೇಶದ, ಗರೀಬ್‌ಪುರದ ದಟ್ಟ ಮಂಜಿನಲ್ಲಿ ನಮ್ಮ ಸೈನ್ಯದ 45 ಕ್ಯಾವಲ್ರಿ ಎಂಬ ಟ್ಯಾಂಕ್ ದಳದ ಪಿಟಿ-76ಗಳು ಪಾಕಿಸ್ತಾನದ ಶಾಫಿ ಟ್ಯಾಂಕುಗಳನ್ನು ಎದುರಿಸಿ ಮುರಿದವು. ಅಲ್ಲಿ ಮಡಿದ ಸ್ಕ್ವಾಡ್ರನ್ ಕಮಾಂಡರ್ ಮೇಜರ್ ದಲ್ಜಿತ್ ಸಿಂಗ್ ನಾರಗ್ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ನನ್ನ ಮೇಜಿನ ಮೇಲೆ ನಿಲ್ಲಬೇಕಾದದ್ದು ಅಂಥದೇ ಒಂದು ಗಾಡಿ, ಆಗಷ್ಟೇ ನೀರಿನಿಂದ ದಡಕ್ಕೆ ಹತ್ತಿದ್ದು.

ಕಟ್ಟುವ ಕೆಲಸದ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಒಡಲು 20 ಸೆಂ.ಮೀ. ಕೂಡ ಇಲ್ಲ, ದೋಣಿಯ ಆಕಾರ, ಒಂದಕ್ಕೊಂದು ಸರಿಯಾಗಿ ಕೂರುತ್ತದೆ. ಒಂದನ್ನು ಮಾತ್ರ ನೋಡಿಕೊಳ್ಳಬೇಕು. ಪಿಟಿ-76ಕ್ಕೆ ಪ್ರತಿ ಬದಿಯಲ್ಲಿ ಆರು ದೊಡ್ಡ ಗಾಲಿಗಳಿವೆ, ಸರಪಳಿಯನ್ನು ಮೇಲಿನಿಂದ ಹೊರುವ ಸಣ್ಣ ರೋಲರುಗಳಿಲ್ಲ. ಹಾಗಾಗಿ ಸರಪಳಿಯ ಮೇಲಿನ ಭಾಗ ಗಾಲಿಗಳ ಮೇಲೆಯೇ ಒರಗಿ ಮಲಗಬೇಕು. ಅದು ಬಿಗಿದ ತಂತಿಯ ಹಾಗೆ ನೇರ ನಿಂತರೆ ಮುಂದೆ ಎಂಥ ಬಣ್ಣ ಹಚ್ಚಿಯೂ ಉಪಯೋಗವಿಲ್ಲ, ಅದು ಆಟಿಕೆಯೇ.

ಬಣ್ಣಕ್ಕೆ ನಮ್ಮ ಕಾಸರಗೋಡಿನ ಹವೆಯೇ ದೊಡ್ಡ ಶತ್ರು. ಲ್ಯಾಕರ್ ಬಣ್ಣದ ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುತ್ತದೆ, ಬಣ್ಣ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಗಾಳಿ ಒತ್ತುವ ಕಂಪ್ರೆಸರಿಗೆ ನೀರು ಹಿಡಿಯುವ ಫಿಲ್ಟರ್ ಹಾಕದಿದ್ದರೆ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಮಧ್ಯೆ ಮಧ್ಯೆ ನೀರನ್ನೂ ಉಗುಳುತ್ತದೆ. ಆದ್ದರಿಂದ ಆಟಿಯ ಜಡಿಮಳೆಯಲ್ಲಿ ನಾನು ಕತ್ತರಿಸುವುದು, ಉಜ್ಜುವುದು, ಅಂಟಿಸುವುದು ಇಷ್ಟೇ ಮಾಡುವುದು. ಪ್ರೈಮರ್, ಆಲಿವ್ ಹಸಿರು, ಅದರ ಮೇಲೆ ಹೊಳಪಿನ ವಾರ್ನಿಷ್ ಎಲ್ಲ ದೀಪಾವಳಿ ಕಳೆದ ಮೇಲೆ, ಅಂಗಳದಲ್ಲಿ ಅಡಿಕೆ ಒಣಗುವ ದಿನಗಳಲ್ಲಿ. ಅಡಿಕೆಗೆ ಒಳ್ಳೆಯ ಬಿಸಿಲು ಬಣ್ಣಕ್ಕೂ ಒಳ್ಳೆಯದೇ.

ಮಾದರಿಯನ್ನು ಓಡಾಡಿದ ಗಾಡಿಯಂತೆ ಹಳತಾಗಿಸುವ ಕೆಲಸದಲ್ಲಿ ನನ್ನ ಪಾಠ ಆದದ್ದು ಕೆಂಪುಕಲ್ಲು ಸಾಗಿಸುವ ಲಾರಿಗಳನ್ನು ನೋಡಿ. ಬದಿಯಡ್ಕ ಪೇಟೆಯಲ್ಲಿ ಲಾರಿ ನಿಂತರೆ ನಾನೂ ನಿಲ್ಲುತ್ತೇನೆ. ಬಣ್ಣ ಸವೆಯುವುದು ಎಲ್ಲೆಂದರಲ್ಲಿ ಅಲ್ಲ. ಡ್ರೈವರ್ ಕಾಲಿಟ್ಟು ಹತ್ತುವ ಮೆಟ್ಟಿಲು, ಕಲ್ಲು ಉಜ್ಜುವ ಹಿಂಬಾಗಿಲ ಅಂಚು, ದಿನಾ ಕೈ ತಾಗುವ ಚಿಲಕ, ಅಲ್ಲಿ ಮಾತ್ರ. ಡೀಸೆಲ್ ಟ್ಯಾಂಕಿನ ಮುಚ್ಚಳದ ಸುತ್ತ ಎಣ್ಣೆಗೆ ಧೂಳು ಅಂಟಿ ಕಪ್ಪಾಗಿರುತ್ತದೆ. ತೋಟಕ್ಕೆ ಮದ್ದು ಬಿಡುವ ಡ್ರಮ್ಮೂ ಗುರುವೇ: ಮೈಲುತುತ್ತಿನ ನೀಲಿ ಗೆರೆ ಮೇಲೆ ದಪ್ಪ, ಇಳಿಯುತ್ತ ಇಳಿಯುತ್ತ ಸಪೂರವಾಗಿ ಮಾಸುತ್ತದೆ. ತೋಪು ಹೊತ್ತ ಟ್ಯಾಂಕಿನ ಗೋಪುರದ ಮೇಲೆ ಮಳೆನೀರು ಎಳೆಯುವ ಗೆರೆಯೂ ಹೀಗೆಯೇ.

ಆ ಗೆರೆ ಎಳೆಯಲು ಕಲಾವಿದರ ಎಣ್ಣೆಬಣ್ಣ ಸಾಕು. ಮೊದಲು ಬಣ್ಣವನ್ನು ರಟ್ಟಿನ ತುಂಡಿನ ಮೇಲೆ ಹಾಕಿಡುತ್ತೇನೆ. ಹೆಚ್ಚಿನ ಎಣ್ಣೆಯನ್ನು ರಟ್ಟು ಹೀರಿಕೊಳ್ಳುತ್ತದೆ, ಒಣಗಿದ ಮೇಲೆ ಬಣ್ಣ ಹೊಳೆಯುವುದಿಲ್ಲ. ಮತ್ತೆ ಸಣ್ಣ ಚುಕ್ಕಿ ಇಟ್ಟು, ಟರ್ಪೆಂಟೈನಿನಲ್ಲಿ ಅದ್ದಿ ಒರೆಸಿದ ಚಪ್ಪಟೆ ಬ್ರಷ್ಷಿನಿಂದ ಮೇಲಿನಿಂದ ಕೆಳಗೆ ಎಳೆಯುವುದು, ಗೆರೆ ಕಂಡೂ ಕಾಣದ ಹಾಗೆ ಆಗುವವರೆಗೆ. ಟರ್ಪೆಂಟೈನ್ ಧಾರಾಳ ಬೇಡ. ಬಣ್ಣ ಕೂತಿರದ ಸಂದಿಗೆ ಇಳಿದರೆ ಪ್ಲಾಸ್ಟಿಕ್ ಪೆಡಸಾಗಿ ಗಾಲಿಯ ಅಚ್ಚೇ ಬಿರಿಯಬಹುದು.

ತುಕ್ಕಿನ ವಿಷಯದಲ್ಲಿ ನಾನು ಜಿಪುಣ. ಸಮುದ್ರದ ಗಾಳಿಗೆ ಗೇಟು, ಸರಳು ಎಲ್ಲ ತಿಂದುಹೋಗುವುದನ್ನು ನೋಡಿ ಬೆಳೆದವನಿಗೆ ತುಕ್ಕು ಹಚ್ಚುವ ಆಸೆ ಬರುವುದು ಸಹಜ. ಆದರೆ ಓಡಾಟದಲ್ಲಿರುವ ಟ್ಯಾಂಕಿಗೆ ದಿನಾ ಕೈಯಾಡಿಸುವ ಜನ ಇರುತ್ತಾರೆ. ಸರಪಳಿ ನೆಲಕ್ಕೆ ತಾಗುವಲ್ಲಿ ಉಕ್ಕು ಬೆಳ್ಳಿಯಂತೆ ಹೊಳೆಯುತ್ತದೆ, ಸಂದುಗಳಲ್ಲಿ ಮಾತ್ರ ಕಂದು. ಒಡಲಿಗೆ ಪಾತ್ರೆ ಉಜ್ಜುವ ಸ್ಪಂಜಿನ ಚೂರಿನಿಂದ ಗಾಢ ಕಂದಿನ ಕೆಲವು ಚುಕ್ಕಿ ಒತ್ತಿದ್ದು, ಅಷ್ಟೇ.

ಇನ್ನು ಕೆಸರು. ಅಳಿಯ ಬಂದವನು ಹೇಳಿದ, "ಮಾವ, ಅಂಗಳದ ಮಣ್ಣೇ ಉಂಟಲ್ಲ, ಅದನ್ನೇ ಹಚ್ಚಿದರಾಯ್ತು." "ಅದನ್ನು ಹಚ್ಚಿದರೆ ಟ್ಯಾಂಕ್ ಬಂದದ್ದು ಗರೀಬ್‌ಪುರದಿಂದ ಅಲ್ಲ ಮಾರಾಯಾ, ಯಾವುದೋ ಕಲ್ಲುಕೋರೆಯಿಂದ" ಅಂದೆ. ನಮ್ಮ ಗುಡ್ಡದ ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನದ್ದು. ಬಂಗಾಳದ್ದು ನದಿ ತಂದು ಹರಡಿದ ಮೆಕ್ಕಲು: ಒದ್ದೆಯಲ್ಲಿ ಗಾಢ ಬೂದುಕಂದು, ಒಣಗಿದರೆ ಮಾಸಲು. ಅದಕ್ಕೆ ಹತ್ತಿರದ ಮಣ್ಣು ನಮ್ಮಲ್ಲಿಲ್ಲವೆಂದಲ್ಲ. ತೋಟದ ಕೆಳಗೆ ಬೇಸಾಯವಿಲ್ಲದೆ ಹಡೀಲು ಬಿದ್ದ ಗದ್ದೆಯಲ್ಲಿ ಒಂದು ಮೊಳ ಅಗೆದರೆ ಬೂದುಬಣ್ಣದ ಜೇಡಿ ಸಿಗುತ್ತದೆ. ತಂದು ಹಳೆ ಕಾವಲಿಯಲ್ಲಿ ಚೆನ್ನಾಗಿ ಹುರಿದೆ. ಹುರಿಯದಿದ್ದರೆ ನಮ್ಮ ಮಳೆಗಾಲಕ್ಕೆ ಮಾದರಿಯ ಮೇಲೆ ಬೂಸು ಏಳುವುದು ಖಂಡಿತ. ಆಮೇಲೆ ಕುಟ್ಟಿ, ಹಳೆ ಮಲ್ಲು ಬಟ್ಟೆಯಲ್ಲಿ ಜಾಲಿಸಿದೆ. ಈ ಜಾಲಿಸುವುದರಲ್ಲಿ ಸೋಮಾರಿತನ ಸಲ್ಲ: 1 ಮಿ.ಮೀ. ಹರಳು ಈ ಅಳತೆಯಲ್ಲಿ ಮೂರೂವರೆ ಸೆಂ.ಮೀ. ಜಲ್ಲಿಯಾಗುತ್ತದೆ.

ಪುಡಿಗೆ ಅದನ್ನು ಹಿಡಿದಿಡುವ ಹೊಳಪಿಲ್ಲದ ಅಕ್ರಿಲಿಕ್ ಮೀಡಿಯಂ, ಚೂರು ಕಂದು ಬಣ್ಣ ಕಲಸಿ ಗಾಲಿಗಳ ಹಿಂದೆ, ಒಡಲಿನ ತಳಕ್ಕೆ ಹಚ್ಚಿದೆ. ಒಣಗಿದ್ದರ ಮೇಲೆ ತೆಳು ಬಣ್ಣದ ಒಣಪುಡಿ, ಅದನ್ನು ಹಿಡಿಸಲು ಐಸೊಪ್ರೊಪೈಲ್ ಆಲ್ಕೊಹಾಲ್. ಹಾಕಿದಾಗ ಬಣ್ಣ ತೀರ ಕಪ್ಪಾಗಿ ಕಾಣುತ್ತದೆ, ಗಾಬರಿ ಬೇಡ, ಆರಿದಾಗ ಮತ್ತೆ ತಿಳಿಯಾಗುತ್ತದೆ.

ನೀರಿನಲ್ಲಿ ಈಜುವ ಟ್ಯಾಂಕಿಗೆ ಮಾತ್ರ ಇನ್ನೊಂದು ಲೆಕ್ಕ ಉಂಟು. ಈಜಿ ಬಂದದ್ದರ ಪಕ್ಕಗಳಲ್ಲಿ ದಪ್ಪ ಕೆಸರು ಉಳಿಯುವುದಿಲ್ಲ, ನದಿ ತೊಳೆದಿರುತ್ತದೆ. ಉಳಿಯುವುದು ನೀರು ನಿಂತ ಮಟ್ಟದಲ್ಲಿ ಹೂಳಿನ ಸಣ್ಣ ಗೆರೆ, ಅದರ ಕೆಳಗೆ ಬಣ್ಣ ಒದ್ದೆಯಾಗಿ ಗಾಢ. ಹೊಸ ಕೆಸರು ದಡ ಹತ್ತುವಾಗ ಸರಪಳಿ ಎತ್ತಿದ್ದು; ಅದು ಗಾಲಿಗಳಿಗೂ ಹಿಂಭಾಗಕ್ಕೂ ಮಾತ್ರ ಸಿಡಿಯುತ್ತದೆ. ಒದ್ದೆ ಜಾಗಗಳಿಗೆ ಹೊಳಪಿನ ವಾರ್ನಿಷನ್ನು ತೆಳುವಾಗಿ ಕೊಟ್ಟೆ, ಹಿಂದೆ ನೀರು ಚಿಮ್ಮಿಸುವ ಎರಡು ತೂತುಗಳ ಕೆಳಗೆ ಸ್ವಲ್ಪ ಹೆಚ್ಚು.

ಎಲ್ಲ ಮುಗಿದ ಮೇಲೆ ಮೇಲಿನಿಂದ ವಾರ್ನಿಷ್ ಹೊಡೆಯಲಿಲ್ಲ. ಹೊಡೆದರೆ ಪುಡಿಯ ಒಣಧೂಳಿನ ಗುಣವೇ ಸಾಯುತ್ತದೆ, ಒದ್ದೆಯೂ ಒಣಗಿದ್ದೂ ಒಂದೇ ಆಗಿಬಿಡುತ್ತದೆ. ಹಾಗಾಗಿ ಅದನ್ನು ಕೈಯಲ್ಲಿ ಹಿಡಿಯುವಂತಿಲ್ಲ. ಅಕ್ರಿಲಿಕ್ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಟ್ಟಿದ್ದೇನೆ. ಮಳೆಗಾಲದಲ್ಲಿ ಆ ಪೊಟ್ಟಣಗಳನ್ನು ಆಗಾಗ ತೆಗೆದು ಬಿಸಿಮಾಡಿ ಒಣಗಿಸಬೇಕು, ಅದೊಂದು ಕೆಲಸ ತಪ್ಪುವುದಿಲ್ಲ.