ಕೂಸಿನ ಕಣ್ಣಿಗೆ ಒಂದೇ ಹನಿ ಸಾಕು

ಮುಂಬಯಿಯಲ್ಲಿ ಮಳೆ ಹಿಡಿದರೆ ಚಾಳು, ಫ್ಲಾಟು ಎನ್ನದೆ ಕಣ್ಣುಬೇನೆ ಹಬ್ಬುತ್ತದೆ. ದೊಡ್ಡವರಿಗೆ ತಂದ ಬಾಟಲಿಯಿಂದಲೇ ಕೂಸಿಗೂ ಹನಿ ಬಿಡಬೇಡಿ. ಲೇಬಲ್ ಮೇಲೆ ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್ ಎಂದಿದ್ದರೆ ಅದು ಸ್ಟೀರಾಯ್ಡ್: ಕಣ್ಣಿನ ಒತ್ತಡ ಏರಿಸಬಹುದು, ಹರ್ಪಿಸ್ ವೈರಸ್ಸಿನ ಸೋಂಕಿದ್ದರೆ ಕೆರಳಿಸುತ್ತದೆ. ಕೆಂಪು ಇಳಿಸುವ ನ್ಯಾಫಜೋಲಿನ್ ಹನಿಯಿಂದ ಕೂಸಿಗೆ ಮಂಪರು ಕವಿದು ಉಸಿರಾಟವೇ ನಿಧಾನವಾಗಬಹುದು.

ಡಾಕ್ಟರು ಬರೆದ ಹನಿಯಾದರೆ, ಮೊದಲು ಸೋಪಿನಿಂದ ಕೈ ತೊಳೆದು ಬಾಟಲಿಯ ಹೆಸರು ಓದಿ. ಕಿವಿಯ ಹನಿಯೂ ಅಷ್ಟೇ ಗಾತ್ರದ ಬಾಟಲಿಯಲ್ಲಿ ಬರುತ್ತದೆ. ಕುದಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ ಹಿಂಡಿ, ಮೂಗಿನ ಕಡೆಯಿಂದ ಹೊರಕ್ಕೆ ಒಂದೇ ಸಲ ಒರೆಸಿ ಎಸೆಯಿರಿ. ಇನ್ನೊಂದು ಕಣ್ಣಿಗೆ ಬೇರೆ ಹತ್ತಿ. ಕೂಸನ್ನು ಬಟ್ಟೆಯಲ್ಲಿ ಸುತ್ತಿ ಅಂಗಾತ ಮಲಗಿಸಿ, ಕೆಳರೆಪ್ಪೆ ಸ್ವಲ್ಪ ಎಳೆದು ಒಳಗೆ ಒಂದು ಹನಿ ಬಿಡಿ. ಬಾಟಲಿಯ ತುದಿ ಕಣ್ಣಿಗಾಗಲಿ ರೆಪ್ಪೆಗಾಗಲಿ ತಾಗಕೂಡದು, ತಾಗಿದರೆ ಸೋಂಕು ಬಾಟಲಿಗೇ ಹೋಗುತ್ತದೆ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡರೆ ಜಗ್ಗಾಡಬೇಡಿ. ಮುಚ್ಚಿದ ಕಣ್ಣಿನ ಮೂಗಿನ ಕಡೆಯ ಮೂಲೆಗೆ ಹನಿ ಹಾಕಿ ಕಾಯಿರಿ, ಕಣ್ಣು ಬಿಟ್ಟಾಗ ತಾನೇ ಒಳಗಿಳಿಯುತ್ತದೆ. ಆಮೇಲೆ ಆ ಮೂಲೆಯನ್ನು ಒಂದು ನಿಮಿಷ ಮೆಲ್ಲಗೆ ಅದುಮಿಡಿ. ಪುಟ್ಟ ಕಣ್ಣಲ್ಲಿ ಒಂದು ಹನಿಯೂ ಪೂರ್ತಿ ನಿಲ್ಲುವುದಿಲ್ಲ. ಹೆಚ್ಚಾದದ್ದು ಮೂಗಿಗಿಳಿದು ರಕ್ತ ಸೇರುತ್ತದೆ. ಹನಿ ಕೆನ್ನೆಗೆ ಬಿದ್ದರೆ ಮಾತ್ರ ಇನ್ನೊಂದು. ಎರಡು ಔಷಧವಿದ್ದರೆ ನಡುವೆ 5 ನಿಮಿಷ, ಮುಲಾಮು ಕೊನೆಗೆ. ತೆರೆದ ತಾರೀಖು ಬಾಟಲಿ ಮೇಲೆ ಬರೆದು, ಔಷಧ ಉಳಿದಿದ್ದರೂ ತಿಂಗಳಿಗೆ ಎಸೆಯಿರಿ. ಕ್ಲೋರಾಂಫೆನಿಕಾಲ್‌ನಂಥ ಕೆಲವು ಹನಿ ಫ್ರಿಜ್ಜಿನಲ್ಲೇ ಇರಬೇಕು.

ಕಣ್ಣಿನ ಬಿಳಿಭಾಗ ಕೆಂಪಾಗದೆ ಬರೀ ನೀರು, ಗೀಜು ಬರುತ್ತಿದ್ದರೆ ಹೆಚ್ಚಾಗಿ ಕಣ್ಣೀರಿನ ನಾಳ ಕಟ್ಟಿರುತ್ತದೆ. ಡಾಕ್ಟರು ಅದೇ ಎಂದರೆ ಬೇಕಾದದ್ದು ಬೆರಳು, ಹನಿಯಲ್ಲ. ಉಗುರು ಕತ್ತರಿಸಿಕೊಂಡು, ಮೂಗಿನ ಕಡೆಯ ಮೂಲೆಯಲ್ಲಿ ಒತ್ತಿ ಮೂಗಿನ ಪಕ್ಕದಲ್ಲಿ ಕೆಳಕ್ಕೆ ಜಾರಿಸಿ: 5ರಿಂದ 10 ಸಲ, ದಿನಕ್ಕೆ ಮೂರ್ನಾಲ್ಕು ಬಾರಿ. ಬಹುತೇಕ ಮಕ್ಕಳಲ್ಲಿ ವರ್ಷದೊಳಗೆ ತೆರೆದುಕೊಳ್ಳುತ್ತದೆ.

ಹರಳೆಣ್ಣೆ, ಎದೆಹಾಲು, ಗುಲಾಬಿ ನೀರು ಯಾವುದೂ ಕಣ್ಣಿಗೆ ಬೇಡ. ಮಾಲೀಶಿಗೆ ಬರುವ ಹೆಂಗಸಿಗೂ ಮೊದಲೇ ಹೇಳಿಡಿ. ಕಾಡಿಗೆಯಲ್ಲಿ ಸೀಸ ಇರಬಹುದು. ದೃಷ್ಟಿಬೊಟ್ಟು ಇಡಲೇಬೇಕೆಂದು ಅಜ್ಜಿ ಹಟ ಹಿಡಿದರೆ ಅಂಗಾಲು ಇದೆಯಲ್ಲ.

ಹುಟ್ಟಿದ ಮೊದಲ ತಿಂಗಳಲ್ಲಿ ಕಣ್ಣು ಕೆಂಪಾಗಿ ಕೀವು ಬಂದರೆ, ಕೂಸು ಬೆಳಕಿಗೆ ಕಣ್ಣೇ ಬಿಡದಿದ್ದರೆ, ಕಪ್ಪುಗುಡ್ಡೆ ಮಂಜಾಗಿ ದೊಡ್ಡದಾಗಿ ಕಂಡರೆ, ಪಾಪೆ ಬೆಳ್ಳಗೆ ಹೊಳೆದರೆ ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ. ಸಾಯನ್, ಕೆಇಎಂ, ಜೆಜೆ ಆಸ್ಪತ್ರೆಗಳಲ್ಲಿ ಕಣ್ಣಿನ ವಿಭಾಗವಿದೆ. 34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಕದ ಕೂಸಿಗೆ, ಕಣ್ಣು ಸರಿಯಾಗಿ ಕಂಡರೂ 30 ದಿನದೊಳಗೆ ಅಕ್ಷಿಪಟಲದ (ಕಣ್ಣಿನ ಒಳಗೆ ಹಿಂದಿರುವ ಪರದೆ, ರೆಟಿನಾ) ತಪಾಸಣೆ ಆಗಲೇಬೇಕು. ಡಿಸ್ಚಾರ್ಜ್ ಕಾರ್ಡಿನಲ್ಲಿ ಅದರ ತಾರೀಖು ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.